ಒಂಬತ್ತು ಗದ್ದೆ ಕೆಳಗಿನ ಬಾವಿ

ಹಗ್ಗದ ತುದಿಗೆ ಕಟ್ಟಿದ ಕಲ್ಲು ಗುಂಡಿಯ ನೀರಿಗೆ ಬಿದ್ದ ಸದ್ದು ಕೇಳಿತು. ಹೊನ್ನ ಹಗ್ಗವನ್ನು ಬಿಗಿಹಿಡಿದು, ಅಂಚಿಗೆ ತಾಗಿದಲ್ಲಿ ಬೆರಳಿಟ್ಟು, ಮೇಲಕ್ಕೆಳೆದು ಗಂಟು ಎಣಿಸಿದ. ಒಂದು ಮಾರು, ಎರಡು ಮೊಳ. ನಂಬಿಕೆ ಬರಲಿಲ್ಲ. ಮತ್ತೆ ಇಳಿಬಿಟ್ಟು ಮತ್ತೆ ಎಣಿಸಿದ. ಅಷ್ಟೇ.

ಹೋದ ಸೋಮವಾರವೂ ಅಷ್ಟೇ ಇತ್ತು. ಈ ಏಳು ದಿನಗಳಲ್ಲಿ ಮಳೆ ಒಂದು ಗಳಿಗೆ ಬಿಡುವು ಕೊಟ್ಟಿರಲಿಲ್ಲ. ಊರ ಕೆರೆ ಕೋಡಿ ಬಿದ್ದಿತ್ತು. ಗದ್ದೆಗಳ ನೀರು ಬದು ಹಾರಿ ಹರಿಯುತ್ತಿತ್ತು. ಈ ಗುಂಡಿಯೊಂದು ಮಾತ್ರ ಬೆರಳಿನಷ್ಟೂ ಏರದೆ, ಕೊಳೆತ ಬಾಳೆ ಎಲೆ, ಒಡೆದ ಬುಟ್ಟಿ, ಹೊಟ್ಟೆಯುಬ್ಬಿದ ಒಂದು ಸತ್ತ ನಾಯಿಯನ್ನು ಹೊತ್ತು ಸುಮ್ಮನೆ ನಿಂತಿತ್ತು. ಇಷ್ಟು ಮಳೆ ಕುಡಿದೂ ತುಂಬುವುದಿಲ್ಲವೆಂದರೆ ಕುಡಿದದ್ದನ್ನು ಎಲ್ಲಿಗೋ ಬಿಡುತ್ತಿದೆ. ಎಲ್ಲಿಗೆ?

ಹೊನ್ನ ಕಂಬಳಿಕೊಪ್ಪೆಯನ್ನು ಹಿಂದಕ್ಕೆ ಸರಿಸಿ ಬಗ್ಗಿ ನೋಡಿದ. ನೀರಿನ ಗೆರೆ ಮುಟ್ಟಿದಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ ಜೇನುಹಟ್ಟಿಯ ಹಾಗೆ ತೂತುತೂತಾಗಿತ್ತು. ಒಂದೊಂದು ತೂತಿನಲ್ಲಿ ಹುಲ್ಲಿನ ಚೂರುಗಳು ಒಳಮುಖವಾಗಿ ಸಿಕ್ಕಿಕೊಂಡಿದ್ದವು.

ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯ ಕೆಂಗೊಪ್ಪದಲ್ಲಿ ಹೊನ್ನನ ಹೆಸರು ಹೇಳಿದರೆ ನೀರು ನೆನಪಾಗುತ್ತಿತ್ತು. ಮೂವತ್ತು ವರ್ಷಗಳಿಂದ ಬಾವಿ ತೋಡಿದವನು. ಸಿದ್ದಾಪುರದ ಕಡೆಯಿಂದಲೂ ಯಲ್ಲಾಪುರದ ಕಡೆಯಿಂದಲೂ ಜನ ಹುಡುಕಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಅವನು ತೋರಿಸಿದಲ್ಲಿ ನೀರು ಬರದೆ ಹೋದದ್ದಿಲ್ಲ. ಮೊಳಕ್ಕೊಂದು ಗಂಟು, ನಾಲ್ಕು ಮೊಳಕ್ಕೆ ಒಂದು ಮಾರು, ಮಾರಿಗೊಂದು ಬಟ್ಟೆಯ ಚೂರು ಕಟ್ಟಿದ ಪುಂಡಿನಾರಿನ ಹಗ್ಗವೇ ಅವನ ಅಕ್ಷರ, ಅದೇ ಅವನ ಲೆಕ್ಕ.

ರಾಜ್ಯ ಒಂದಾಗಿ, ಮುಂಬಯಿ ಸರಕಾರದ ಕಾಗದಗಳೆಲ್ಲ ಮೈಸೂರು ಸರಕಾರದ ಕಾಗದಗಳಾಗಿ ಇದು ಎರಡನೆಯ ಮಳೆಗಾಲ. ರಾಜ್ಯ ಬದಲಾದ ಚಳಿಗಾಲದಲ್ಲೇ ಕೆಂಗೊಪ್ಪಕ್ಕೆ ಭಾನುವಾರದ ಸಂತೆ ಬಂದಿತ್ತು. ಸಂತೆಯ ಕಸ ಹಾಕಲು ಜಾಗ ತೋರಿಸದಿದ್ದರೆ ಸಂತೆ ಬೇರೆ ಊರಿಗೆ ಎಂದು ಮೇಲಿನವರು ಹೇಳಿದ್ದರು. ಪಂಚಾಯಿತಿಯ ಅಧ್ಯಕ್ಷ ವೀರಪ್ಪ ಸಾಹುಕಾರರು ದಿಬ್ಬದ ಮೇಲಿನ ಹಳೆಯ ಕಲ್ಲುಗುಂಡಿಯನ್ನು ತೋರಿಸಿದರು. ತಲೆಮಾರುಗಳಿಂದ ಮನೆಗೆ ಕಲ್ಲು ಕಡಿದು ಕಡಿದು ನಾಲ್ಕು ಮಾರು ಆಳವಾಗಿದ್ದ ಗುಂಡಿ. ಅದರ ಕೆಳಗೆ ಇಳಿಜಾರಿನಲ್ಲಿ ಗದ್ದೆಗಳು. ಗದ್ದೆಗಳ ಬುಡದಲ್ಲಿ ಹದಿನಾಲ್ಕು ಮನೆಯ ಕೆಳಗಿನಕೇರಿ. ಕೇರಿಗೆ ಇದ್ದದ್ದು ಒಂದೇ ಬಾವಿ.

"ಹೊನ್ನಾ, ಗುಂಡೀದು ಹೊಲಸು ಆ ಬಾವಿಗೆ ಹೋಗತೈತೇನು?" ಎಂದು ವೀರಪ್ಪನವರು ಅಂದು ಕೇಳಿದ್ದರು. ಹೊನ್ನ ಅಳೆದ. ಗುಂಡಿಯ ತಳ ಬಾಯಿಯಿಂದ ನಾಲ್ಕು ಮಾರು. ಬಾವಿಯ ನೀರು ಬಾಯಿಯಿಂದ ಎರಡೂವರೆ ಮಾರು. "ಬಾವಿ ನೀರೇ ಮೇಲೆ ಅದೆ ಸಾವ್ಕಾರ್ರೆ. ಕೊಳೆ ಮೇಲಕ್ಕೆ ಹತ್ತೂದಿಲ್ಲ" ಎಂದಿದ್ದ. ಪಂಚಾಯಿತಿಯ ಗುಮಾಸ್ತ ಕಲ್ಲಯ್ಯ ಅದನ್ನು ಹಾಗೆಯೇ ಬರೆದುಕೊಂಡಿದ್ದರು. ಮುಂದೆ ಶಿರಸಿಯಿಂದ ಬಂದ ಆರೋಗ್ಯದ ಸಾಹೇಬರು ಪ್ರತಿ ಸೋಮವಾರ ಎರಡೂ ಕಡೆ ನೀರಿನ ಮಟ್ಟ ಅಳೆದು ಬರೆಸಬೇಕೆಂದರು. ತಿಂಗಳಿಗೊಂದು ಸೀಸೆ ಬಾವಿಯ ನೀರು ಪರೀಕ್ಷೆಗೆ ಬಸ್ಸಿನಲ್ಲಿ ಹೋಗಬೇಕೆಂದರು. ಸೀಸೆಗಳು ಹೋದವು. ಉತ್ತರ ಬರಲಿಲ್ಲ. ಕಲ್ಲಯ್ಯನವರ ಪುಸ್ತಕದಲ್ಲಿ ಮಾತ್ರ ಗುಂಡಿಯ ಅಂಕಿ ಯಾವಾಗಲೂ ದೊಡ್ಡದು, ಬಾವಿಯ ಅಂಕಿ ಚಿಕ್ಕದು.

ಆ ಸೋಮವಾರ ಗುಂಡಿಯಿಂದ ಇಳಿದು ಬಂದು ಅಳೆದಾಗ ಬಾವಿಯ ಮಟ್ಟ ಒಂದು ಮಾರು. ಹೊನ್ನ ಹಗ್ಗ ಸುತ್ತುತ್ತಿದ್ದಾಗ ಕೇರಿಯ ಚೌಡಮ್ಮ ಕೊಡ ಹಿಡಿದು ಬಂದಳು. ಮಳೆಗೆ ಹೊದ್ದ ಗೊರಬಿನೊಳಗಿಂದಲೇ ಮಾತು ಹಾರಿಬಂತು.

"ಎಂತಾ, ಬಾವಿ ನಾಡಿ ಹಿಡ್ದು ನೋಡಾಯ್ತಾ ಪಂಡಿತ್ರೇ? ಹಂಗೇ ಒಳಗೆ ಬಂದು ನಿನ್ನ ದೋಸ್ತನ ನಾಡಿನೂ ನೋಡು. ಮೂರು ದಿನ ಆಯ್ತು, ಹೊಟ್ಟೇಲಿ ಎಂತದೂ ನಿಲ್ಲೂದಿಲ್ಲ."

ಚೌಡಮ್ಮನ ಗಂಡ ಬೈರ, ಹೊನ್ನನ ಜೊತೆಗಾರ. ಹೊನ್ನ ಬಾವಿಯೊಳಗೆ ಇಳಿದರೆ ಮೇಲೆ ಹಗ್ಗ ಹಿಡಿದು ನಿಲ್ಲುತ್ತಿದ್ದವನು. ಇಪ್ಪತ್ತು ವರ್ಷ ಹೊನ್ನನ ಜೀವ ಇದ್ದದ್ದು ಆ ಎರಡು ಕೈಗಳಲ್ಲಿ. ಈಗ ಆ ಕೈಗಳು ಚಾಪೆಯ ಮೇಲೆ ಒಣಗಿದ ಸೌದೆಯ ಹಾಗೆ ಬಿದ್ದಿದ್ದವು. ರಕ್ತಭೇದಿ.

"ನೆಟ್ಟಿ ನಿಂತದೆ ಮಾರಾಯ," ಎಂದ ಬೈರ, ಕಣ್ಣು ಬಿಡದೆ. "ಸಸಿ ಕೊಳೀತದೆ."

"ನಾಳೆ ನಾನೇ ನೆಡ್ತೆ. ನೀ ಸುಮ್ನೆ ಮಲಗು."

ತಲೆಯ ಬಳಿ ಹಿತ್ತಾಳೆ ತಂಬಿಗೆಯಲ್ಲಿ ಬಾವಿಯ ನೀರಿತ್ತು. ಹೊನ್ನ ಅದನ್ನೇ ನೋಡಿದ. ತಿಳಿಯಾಗಿತ್ತು, ತಣ್ಣಗಿತ್ತು. ಅವನೇ ತೋಡಿದ ಬಾವಿ, ಸ್ವಾತಂತ್ರ್ಯ ಬಂದ ವರ್ಷದ ಬೇಸಿಗೆಯಲ್ಲಿ.

ಮರುದಿನ ಬೆಳಿಗ್ಗೆ ಹೊನ್ನನೂ ಅವನ ಹೆಂಡತಿ ದುರ್ಗಮ್ಮನೂ ಬೈರನ ಗದ್ದೆಗಿಳಿದರು. ಮೇಲಿನಿಂದ ಒಂಬತ್ತನೆಯ ಗದ್ದೆ, ಬಾವಿಯ ಮಗ್ಗುಲಿನದು. ಹೊನ್ನ ಬಗ್ಗಿ ನೆಡುತ್ತ ನೆಡುತ್ತ ಒಮ್ಮೆ ಸೊಂಟ ನೆಟ್ಟಗೆ ಮಾಡಿ ದಿಬ್ಬದ ಕಡೆ ತಿರುಗಿದ. ಮಳೆ ಸ್ವಲ್ಪ ತೆಳುವಾಗಿತ್ತು. ಗದ್ದೆಯ ಮೇಲೊಂದು ಗದ್ದೆ, ಪ್ರತಿಯೊಂದರಲ್ಲೂ ನೀರು ಕನ್ನಡಿ ಮಲಗಿಸಿದಂತೆ ಸಪಾಟಾಗಿ ನಿಂತಿತ್ತು. ಬದು ಒಡೆದಲ್ಲಿ ಮೇಲಿನ ನೀರು ಕೆಳಗಿನ ನೀರಿಗೆ ಧುಮುಕುತ್ತಿತ್ತು. ಎಲ್ಲಕ್ಕಿಂತ ಮೇಲೆ ಗುಂಡಿಯ ಅಂಚು.

ಅವನ ಕೈಯಿಂದ ಸಸಿಯ ಕಟ್ಟು ಜಾರಿತು.

ಬಾವಿ ತೋಡುವವನು ಬಾಯಿಯಿಂದ ಕೆಳಕ್ಕೆ ಅಳೆಯುತ್ತಾನೆ. ಗುರುವಿನಿಂದ ಕಲಿತದ್ದು ಹಾಗೆ, ಮೂವತ್ತು ವರ್ಷ ಮಾಡಿದ್ದು ಹಾಗೆ. ಒಂದೊಂದು ಬಾವಿಗೂ ಅದರ ಬಾಯಿಯೇ ಶುರು. ಒಂದರ ಬಾಯಿ ಇನ್ನೊಂದರ ಬಾಯಿಗಿಂತ ಎಷ್ಟು ಎತ್ತರ ಎಂದು ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ.

ಹೊನ್ನ ಬದುವಿನ ಹತ್ತಿರ ಹೋಗಿ ಮೊಣಕೈ ಊರಿದ. ಕೆಳಗಿನ ನೀರಿನಿಂದ ಮೇಲಿನ ನೀರಿಗೆ ಎರಡು ಮೊಳ. ಮೇಲೆ ಹತ್ತಿದ. ಮುಂದಿನದು ಒಂದೂವರೆ ಮೊಳ. ಮತ್ತೆ ಹತ್ತಿದ.

"ಎಂತ ಮರುಳು ಹಿಡೀತು ನಿಮ್ಗೆ?" ದುರ್ಗಮ್ಮ ಕೂಗಿದಳು. "ನೆಟ್ಟಿ ಬಿಟ್ಟು ಬದು ತಬ್ಬಿಕೊಳ್ತ್ರಲ್ಲ!"

ಅವನು ಮುಂದಿನ ಬದುವಿಗೆ ಮೊಣಕೈ ಊರಿದ. ಒಂಬತ್ತು ಬದು ಹತ್ತಿ ಗುಂಡಿಯ ಅಂಚಿಗೆ ಬಂದಾಗ ಲೆಕ್ಕ ಹದಿನಾರು ಮೊಳವಾಗಿತ್ತು. ನಾಲ್ಕು ಮಾರು. ಬಾವಿಯ ಬಾಯಿಯೇ ಗುಂಡಿಯ ಬಾಯಿಗಿಂತ ನಾಲ್ಕು ಮಾರು ಕೆಳಗೆ. ಬಾವಿಯ ನೀರು ಅಲ್ಲಿಂದ ಇನ್ನೂ ಒಂದು ಮಾರು ಕೆಳಗೆ. ಗುಂಡಿಯ ಕೊಳೆನೀರು ಅದರ ತಲೆಯ ಮೇಲೆ ಮೂರೂವರೆ ಮಾರು ಎತ್ತರದಲ್ಲಿ ನಿಂತಿತ್ತು. ಹೋದ ಮಳೆಗಾಲದಲ್ಲಿ ಗುಂಡಿಯಲ್ಲಿ ಕಸ ಕಡಿಮೆಯಿತ್ತು, ನೀರು ತೂತಿನ ಪದರಕ್ಕೆ ಮುಟ್ಟಿರಲಿಲ್ಲ. ಈ ವರ್ಷ ಅರ್ಧ ಗುಂಡಿ ಕಸವೇ ತುಂಬಿ ನೀರನ್ನು ಮೇಲಕ್ಕೆತ್ತಿತ್ತು.

ಆಗ ಇನ್ನೊಂದು ನೆನಪು ಅವನನ್ನು ಇರಿಯಿತು. ಆ ಬಾವಿ ತೋಡಿದಾಗ ನೀರಿನ ಸೆಲೆ ಸಿಕ್ಕಿದ್ದು ದಿಬ್ಬದ ಕಡೆಯ ಗೋಡೆಯಲ್ಲಿ, ಮುಷ್ಟಿ ಹಿಡಿಯುವಷ್ಟು ದೊಡ್ಡ ಒಂದು ತೂತಿನಿಂದ. ಅವನು ಅದರೊಳಗೆ ಕೈಯಿಟ್ಟು "ಬೈರಾ, ಬಂತೋ!" ಎಂದು ಕಿರುಚಿದ್ದ. ಮೇಲಿನಿಂದ ಬೈರ ಕುಣಿದು ಮಣ್ಣು ಉದುರಿಸಿದ್ದ.

ತಮ್ಮ ಅಂಗಡಿಯ ಕಟ್ಟೆಯ ಮೇಲೆ ವೀರಪ್ಪನವರು ಎಲೆಗೆ ಸುಣ್ಣ ಹಚ್ಚುತ್ತ ಹೊನ್ನನ ಮಾತನ್ನು ಕೇಳಿಸಿಕೊಂಡರು. ಹತ್ತಿರ ಕುಳಿತಿದ್ದ ಕಲ್ಲಯ್ಯ ಪುಸ್ತಕ ತಿರುವಿದರು.

"ಇಲ್ಲಿ ನೋಡ್ರಿ, ಅರವತ್ತು ವಾರದ ಲೆಕ್ಕ ಐತಿ. ಒಂದು ಸಲಾನೂ ಬಾವಿ ನೀರು ಗುಂಡಿ ನೀರಿಗಿಂತ ಕೆಳಗ ಹೋಗಿಲ್ಲ."

"ಆ ಲೆಕ್ಕ ನಂದೇ ಅಯ್ಯೋರೆ. ಅದೇ ತಪ್ಪು."

"ಅಲ್ಲಪಾ ಹೊನ್ನಾ," ವೀರಪ್ಪನವರ ದನಿ ಏರಲಿಲ್ಲ, ಅದೇ ಭಯವಾಗುವಂತಿತ್ತು. "ಇದ ಕಟ್ಟೀಮ್ಯಾಲ ನಿಂತು ಹೋಗೂದಿಲ್ಲ ಅಂದಾಂವ ನೀನ. ನಿನ್ನ ಮಾತಿನ ಮ್ಯಾಲ ಸಂತಿ ತಂದೆ. ಈಗ ನೀನ ಹೋಗತೈತಿ ಅಂತೀದಿ. ಮುಂದಿನ ಆಷಾಢಕ್ಕ ಮತ್ತೇನಂತೀಯೋ? ಮಳಿಗಾಲದಾಗ ಭೇದಿ ಯಾವ ಊರಾಗ ಆಗೂದಿಲ್ಲ?"

"ಬೈರ ಸಾಯ್ತ ಮಲಗಿದಾನೆ ಸಾವ್ಕಾರ್ರೆ."

ವೀರಪ್ಪನವರು ಎಲೆಯನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದು ಕುಳಿತರು. "ತೋರಿಸು," ಎಂದರು ಕೊನೆಗೆ. "ಬಾಯಿಮಾತು ಬ್ಯಾಡ. ಕಣ್ಣಿಗೆ ಕಾಣೂ ಹಂಗ ತೋರಿಸು. ಭಾನುವಾರ ಸಂತಿ ದಿನ ಪಂಚಾಯ್ತಿ ಕೂಡತೈತಿ. ಅಲ್ಲೀತನಕ ತೋರಿಸಿದ್ರ ಗುಂಡಿ ಮುಚ್ಚಸ್ತೀನಿ. ಇಲ್ಲಂದ್ರ ಸಂತ್ಯಾಗ ನಿಂತು ನನಗ ನೀರಿನ ವಿದ್ಯಾ ಗೊತ್ತಿಲ್ಲ ಅಂತ ನೀನ ಹೇಳಬೇಕು."

ಹೊನ್ನನ ಕಣ್ಣು ಅಂಗಡಿಯ ಒಳಮೂಲೆಗೆ ಹೋಯಿತು. ಕುಮಟೆಯಿಂದ ಬಂದ ಉಪ್ಪಿನ ಚೀಲಗಳು. ಮಳೆಯಲ್ಲಿ ಗಾಡಿ ನೆನೆದು, ಚೀಲಗಳ ಕೆಳಗೆ ನೀರಿನ ಹೊಂಡವೇ ಆಗಿತ್ತು.

"ಆ ಉಪ್ಪು ಕೊಡಿ," ಎಂದ. "ಕಣ್ಣಿಗೆ ಕಾಣೂದಿಲ್ಲ. ನಾಲಿಗೆಗೆ ಕಾಣ್ತದೆ."

ಅಂದೇ ಮಧ್ಯಾಹ್ನ ಎಂಟು ಚೀಲ ಉಪ್ಪು ಗುಂಡಿಗೆ ಬಿತ್ತು. ತೂತಿನ ಪದರ ಇದ್ದ ಕಡೆಗೇ ಹೊನ್ನ ನಿಂತು ಸುರಿಸಿದ. ಆಮೇಲೆ ಕೇರಿಗೆ ಹೋಗಿ, ಯಾರೂ ಬಾವಿಯ ನೀರು ಕುಡಿಯಬೇಡಿ, ವೀರಪ್ಪನವರ ಅಂಗಳದ ಬಾವಿಯಿಂದ ತನ್ನಿ, ಆಗದಿದ್ದರೆ ಕುದಿಸಿ ಕುಡಿಯಿರಿ ಎಂದ. ಚೌಡಮ್ಮ ಸೊಂಟಕ್ಕೆ ಕೈಯಿಟ್ಟಳು.

"ಒಂದೂವರೆ ವರ್ಷ ನೀ ಕುಡೀರಿ ಅಂದಿ, ಕುಡಿದ್ವಿ. ಇವತ್ತು ಬ್ಯಾಡ ಅಂತೆ. ನಾಳೆ ಉಸಿರು ಬಿಡಬ್ಯಾಡಿ ಅಂತೆ! ನೆಟ್ಟಿ ದಿನದಲ್ಲಿ ದಿಬ್ಬ ಹತ್ತಿ ನೀರು ಹೊರೂದು ಯಾರು? ಕುದಿಸೂಕೆ ಒಣಸೌದಿ ನಿನ್ನ ಮನೇಲಿ ಅದ್ಯಾ?"

ಊರ ಮೇಲ್ಗಡೆ ಇದ್ದ ಹೊನ್ನನ ಮನೆಯಲ್ಲೂ ಇರಲಿಲ್ಲ. ದುರ್ಗಮ್ಮ ಕೊಡ ಎತ್ತಿಕೊಂಡು ದಿಬ್ಬ ಹತ್ತಿದಳು. ದಿನಕ್ಕೆ ನಾಲ್ಕು ಕೊಡ ಬೈರನ ಮನೆಗೆ ತಂದಿಟ್ಟಳು. ಅದು ಕುಡಿಯುವುದಕ್ಕೆ ಮಾತ್ರ ಸಾಕಾಯಿತು. ಅಡುಗೆಗೆ ಬಾವಿಯದೇ ನೀರು. ಉಳಿದ ಹದಿಮೂರು ಮನೆಗಳಲ್ಲಿ ಹಗ್ಗ ಇಳಿಯುವುದು ನಿಲ್ಲಲಿಲ್ಲ. ಗಂಗೆಗೆ ಕೊಳೆ ಯಾಕೆ ತಾಗುತ್ತದೆ ಎಂದು ಕೆಲವರು, ಹೊನ್ನನಿಗೆ ವಯಸ್ಸಾಯಿತು ಎಂದು ಕೆಲವರು.

ಬುಧವಾರ ಬೆಳಿಗ್ಗೆ ಹೊನ್ನ ಬಾವಿಯಿಂದ ಒಂದು ಬೊಗಸೆ ಎತ್ತಿ ಕುಡಿದ. ಸಿಹಿ. ಸಂಜೆಯೂ ಸಿಹಿ. ಗುರುವಾರ ಮಳೆ ನಿಂತು ಬಿಸಿಲು ಬಂತು. ಊರೆಲ್ಲ ಮುಖ ಅರಳಿಸಿತು. ಹೊನ್ನ ಮಾತ್ರ ಗುಂಡಿಯತ್ತ ಓಡಿದ. ಮಳೆ ನಿಂತರೆ ಗುಂಡಿಯ ನೀರು ತೂತಿನ ಮಟ್ಟಕ್ಕಿಂತ ಕೆಳಗಿಳಿಯುತ್ತದೆ, ಉಪ್ಪು ಅಲ್ಲೇ ಕೂರುತ್ತದೆ, ಭಾನುವಾರ ಅವನು ಸಂತೆಯಲ್ಲಿ ನಿಲ್ಲಬೇಕಾಗುತ್ತದೆ. ಗುಂಡಿ ಹಾಗೆಯೇ ಇರುತ್ತದೆ. ಅವನು ಹಗ್ಗ ಇಳಿಸಿದ. ನೀರು ಎರಡು ಬೆರಳು ಇಳಿದಿತ್ತು.

"ಆ ನೀರನ್ನ ನೀವೇ ಎಂತಕ್ಕೆ ಕುಡೀತ್ರಿ?" ದುರ್ಗಮ್ಮ ರೇಗಿದಳು. "ನಾಲಿಗೆ ತುದಿಗೆ ಹಚ್ಚಿ ಉಗುಳಿದ್ರೆ ಆಗೂದಿಲ್ವಾ?"

"ಅವ್ರು ಕುಡೀತಾ ಇದಾರೆ," ಎಂದ ಹೊನ್ನ.

ಶುಕ್ರವಾರ ಮೋಡ ಮತ್ತೆ ಕವಿಯಿತು. ಅದೇ ದಿನ ಕೇರಿಯ ಕೊನೆಯ ಮನೆಯ ಮುದುಕಿ ತೀರಿಕೊಂಡಳು. ಎಂಬತ್ತು ದಾಟಿದವಳು, ವಯಸ್ಸೋ ನೀರೋ ಎಂದು ಯಾರು ಹೇಳಬೇಕು? ಹೊನ್ನ ಚಿತೆಗೆ ಕಟ್ಟಿಗೆ ಹೊತ್ತು ಹೋದ. ಹಿಂದಿರುಗುವಾಗ ಅವನೊಡನೆ ಯಾರೂ ಹೆಜ್ಜೆ ಹಾಕಲಿಲ್ಲ. ಶನಿವಾರ ಇಡೀ ದಿನ ಮಳೆ ಹೊಯ್ಯಿತು. ಬೆಳಿಗ್ಗೆ ಸಿಹಿ. ಸಂಜೆಯೂ ಸಿಹಿ ಎನಿಸಿತು. ನಾಲ್ಕು ದಿನ ಅದನ್ನೇ ಹುಡುಕಿ ಹುಡುಕಿ ತನ್ನ ನಾಲಿಗೆಯ ಮೇಲೇ ಅವನಿಗೆ ನಂಬಿಕೆ ಹೋಗಿತ್ತು.

ಭಾನುವಾರ ಬೆಳಕು ಹರಿದಾಗ ಅವನು ಬೈರನ ಹತ್ತಿರ ಕುಳಿತಿದ್ದ. ಬೈರನಿಗೆ ಅಂದು ಕೊಂಚ ಕಣ್ಣು ಬಿಡುವ ಶಕ್ತಿ ಬಂದಿತ್ತು. ಸೊಸೆ ಗಂಜಿ ತಂದಳು. ಚೌಡಮ್ಮ ಒಂದು ಗುಟುಕು ಕುಡಿಸಿದಳು. ಬೈರ ಮುಖ ತಿರುಗಿಸಿ ಗಂಜಿಯನ್ನು ತುಟಿಯಿಂದ ಹೊರಗೆ ಬಿಟ್ಟ.

"ಉಪ್ಪು," ಎಂದ.

ಚೌಡಮ್ಮ ತಾನೊಂದು ಗುಟುಕು ಕುಡಿದು ಒಲೆಯ ಕಡೆ ತಿರುಗಿದಳು. "ಎಂತಾ ಹುಡ್ಗಿ, ತವರುಮನೆಯವ್ರು ಉಪ್ಪಿನ ಗದ್ದೆ ಮಾಡಿದಾರಾ? ಕಾಯಿಲೆ ಮನ್ಷನಿಗೆ ಎರಡು ಸಲ ಹಾಕ್ತ್ರಾ?"

ಸೊಸೆಯ ಕಣ್ಣು ತುಂಬಿತು. "ನಾ ಹಾಕಲೇ ಇಲ್ಲ ಅತ್ತೆ. ಮಾವನಿಗೆ ಸಪ್ಪೆ ಗಂಜಿ ಕೊಡು ಅಂತ ನೀವೇ ಹೇಳಿದ್ರಿ."

ಚೌಡಮ್ಮ ಎದ್ದು, ಆಗಷ್ಟೇ ಬಾವಿಯಿಂದ ತಂದ ಕೊಡಕ್ಕೆ ಕೈ ಅದ್ದಿ ನೆಕ್ಕಿದಳು. ಮತ್ತೊಮ್ಮೆ ನೆಕ್ಕಿದಳು. ಅವಳ ಕೈ ಬಾಯಿಯ ಹತ್ತಿರವೇ ನಿಂತಿತು. ಅಂಗಳದ ಆಚೆ ಪಕ್ಕದ ಮನೆಯಿಂದ ಯಾರೋ ಥೂ ಎಂದು ಉಗುಳಿದ್ದು ಕೇಳಿಸಿತು.

ಹೊನ್ನ ಗೆದ್ದಿದ್ದ. ಅವನು ಏಳಲಿಲ್ಲ. ಈ ಐದು ದಿನ ಎಲ್ಲೋ ಒಂದು ಮೂಲೆಯಲ್ಲಿ, ನೀರು ಸಿಹಿಯಾಗಿಯೇ ಇರಲಿ, ತಾನೇ ಸುಳ್ಳಾಗಲಿ ಎಂದು ತಾನು ಬಯಸಿದ್ದು ಅವನಿಗೆ ಆಗ ಗೊತ್ತಾಯಿತು.

ಸಂತೆ ತುಂಬಿದ್ದಾಗ ಚೌಡಮ್ಮ ಆ ಕೊಡವನ್ನೇ ಹೊತ್ತು ಪಂಚಾಯಿತಿ ಕಟ್ಟೆಗೆ ಬಂದಳು. ವೀರಪ್ಪನವರು ಬೊಗಸೆಯೊಡ್ಡಿದರು. ಒಂದು ಗುಟುಕು ಬಾಯಿಗೆ ಹೋಯಿತು. ಅವರು ಉಗುಳಲಿಲ್ಲ. ಎಲ್ಲರೂ ನೋಡುತ್ತಿರುವಂತೆಯೇ ನುಂಗಿದರು.

"ಕಲ್ಲಯ್ಯಾ, ಬರಕೋ," ಎಂದರು. "ಇವತ್ತಿನ ಕಸ ಗುಂಡಿಗೆ ಹೋಗಬಾರದು. ನಾಳಿಂದ ಮಣ್ಣು ಹಾಕಿ ಮುಚ್ಚೂದು. ಸಂತಿ ಹೋದರ ಹೋಗ್ಲಿ."

ಕಲ್ಲಯ್ಯ ಬರೆದು ತಲೆ ಎತ್ತಿದರು. "ಕಾರಣ ಏನಂತ ಬರೀಲಿ? ಮೊದಲಿನ ಲೆಕ್ಕ ಪುಸ್ತಕದಾಗ ಐತಲ್ಲ. ಮಳಿ ಹೆಚ್ಚಾಗಿ ಹಿಂಗಾತು ಅಂತ ಬರದ್ರ ಯಾರಿಗೂ ತೊಂದರಿ ಇಲ್ಲ."

ವೀರಪ್ಪನವರು ಹೊನ್ನನನ್ನು ನೋಡಿದರು. ಅದು ಹೊನ್ನ ತಪ್ಪಿಸಿಕೊಳ್ಳಲು ತೆರೆದಿಟ್ಟ ಬಾಗಿಲಾಗಿತ್ತು. ಹೊನ್ನ ಹೆಗಲ ಮೇಲಿನ ಹಗ್ಗ ತೆಗೆದು ಕಟ್ಟೆಯ ಮೇಲಿಟ್ಟ.

"ಬಾವಿಗಾರ ಹೊನ್ನ ಬಾಯಿಂದ ಅಳೆದ, ಬದು ಎಣಿಸಲಿಲ್ಲ. ಹಂಗೇ ಬರೀರಿ ಅಯ್ಯೋರೆ. ಮಳೆ ಮೇಲೆ ಹಾಕಬ್ಯಾಡಿ."

"ನಿನ್ನ ಹಗ್ಗಕ್ಕೆ ಬೆಂಕಿ ಬೀಳ!" ಚೌಡಮ್ಮ ಚೀರಿದಳು. ಅಷ್ಟೂ ದಿನ ಹಿಡಿದಿಟ್ಟ ಅಳು ಆಗ ಒಡೆಯಿತು. "ಒಂಬತ್ತು ಗದ್ದೆ ಹತ್ತಿ ಇಳಿಯೂದು ದಿನಾ ಮಾಡ್ತಿದ್ಯಲ್ಲೋ! ಕಾಲಿಗೆ ಗೊತ್ತಿದ್ದದ್ದು ಕೈಗೆ ಗೊತ್ತಾಗಲಿಲ್ವಾ?"

ಬದುಕಿರುವ ತನಕ ಹೊನ್ನ ಆ ಮಾತನ್ನು ಆಗಾಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದನೆಂದು ದುರ್ಗಮ್ಮ ಹೇಳುತ್ತಿದ್ದಳು.

ಸಂತೆ ಹೋಗಲಿಲ್ಲ. ಮಳೆ ಕಡಿಮೆಯಾದ ಮೇಲೆ ಹೊನ್ನ ಮೂರು ದಿನ ಊರ ಸುತ್ತ ಬದು ಎಣಿಸುತ್ತ ನಡೆದು, ಕೆಳಗೆ ಯಾವ ಬಾವಿಯೂ ಇಲ್ಲದ, ಜಿಗುಟು ಮಣ್ಣಿನ ಒಂದು ಜಾಗ ತೋರಿಸಿದ. ಆರೋಗ್ಯದ ಸಾಹೇಬರು ಬಂದು ತಮ್ಮ ಟೇಪಿನಿಂದ ಅಳೆದು ಒಪ್ಪಿದರು. ಕೇರಿಯ ಬಾವಿಗೆ ಕಲ್ಲುಚಪ್ಪಡಿ ಮುಚ್ಚಿದರು, ಒಂದು ಹಗ್ಗ ಇಳಿಯುವಷ್ಟು ಸಂದು ಬಿಟ್ಟು. ಬೇಸಿಗೆಯಲ್ಲಿ ಗುಂಡಿಯ ಇನ್ನೊಂದು ಮಗ್ಗುಲ ಎತ್ತರದಲ್ಲಿ ಹೊನ್ನ ಕೇರಿಗಾಗಿ ಹೊಸ ಬಾವಿ ತೋಡಿದ. ಬೈರ ಉಳಿದುಕೊಂಡಿದ್ದ. ಕೈಯಲ್ಲಿ ಮೊದಲಿನ ಬಲವಿರಲಿಲ್ಲ. ಹಗ್ಗ ಬೇರೆಯವರು ಹಿಡಿದರು. ಅವನು ಅಂಚಿನಲ್ಲಿ ಕುಳಿತು ಅವರನ್ನು ಬೈಯುತ್ತಿದ್ದ.

ಹೊಸ ಬಾವಿ ತೋಡಿದ ವರ್ಷ ದೀಪಾವಳಿಯ ನೀರು ತುಂಬುವ ಹಬ್ಬದಂದು ಮೊದಲ ಕೊಡ ತೋಡಿದವನ ಮನೆಗೆ ಹೋಗಬೇಕು, ಅದು ಅಲ್ಲಿನ ಪದ್ಧತಿ. ಆ ಸಲ ತನಗೆ ಬರುವುದಿಲ್ಲವೆಂದು ಹೊನ್ನ ತಿಳಿದಿದ್ದ. ಬೆಳಿಗ್ಗೆ ಬಾಗಿಲು ತೆಗೆದಾಗ ಹೂವು ಕಟ್ಟಿದ ಕೊಡ ಮೆಟ್ಟಿಲ ಮೇಲಿತ್ತು. ಇಟ್ಟವಳು ಬೇಲಿ ದಾಟಿ ಹೋಗುತ್ತಿದ್ದಳು.

"ಚೌಡಮ್ಮಾ," ಎಂದ.

"ಮಾತಾಡ್ಸಬ್ಯಾಡ. ಕುಡಿ," ಎಂದಳು ಅವಳು, ತಿರುಗಿ ನೋಡದೆ.

ಆಮೇಲಿನ ವರ್ಷಗಳಲ್ಲಿ ನೀರು ತೋರಿಸಲು ಯಾರು ಕರೆದರೂ ಹೊನ್ನ ಮೊದಲು, ನಿಮ್ಮ ಕೊಳೆ ಎಲ್ಲಿಗೆ ಹಾಕುತ್ತೀರಿ ಎಂದು ಕೇಳುತ್ತಿದ್ದ. ಆಮೇಲೆ ಇಳಿಜಾರಿನಲ್ಲಿ ಮೊಣಕೈ ಊರುತ್ತ ನಡೆಯುತ್ತಿದ್ದ. ನಗುವವರು ನಗುತ್ತಿದ್ದರು. ಸೋಮವಾರ ಮಾತ್ರ ಅವನು ಎಲ್ಲಿಗೂ ಹೋಗುತ್ತಿರಲಿಲ್ಲ. ಪಂಚಾಯಿತಿ ಪುಸ್ತಕ ಮುಚ್ಚಿ ವರ್ಷಗಳಾಗಿದ್ದರೂ ಚಪ್ಪಡಿಯ ಸಂದಿನಿಂದ ಹಗ್ಗ ಇಳಿಸಿ ಮಟ್ಟ ನೋಡುತ್ತಿದ್ದ. ಪುಟ್ಟ ತಂಬಿಗೆ ಇಳಿಸಿ ನೀರೆತ್ತಿ, ಮೂಸಿ, ನಾಲಿಗೆ ತುದಿಗೆ ಹಚ್ಚಿ ಉಗುಳುತ್ತಿದ್ದ. ಉಪ್ಪು ಎರಡೇ ಮಳೆಗಾಲಕ್ಕೆ ತೊಳೆದುಹೋಗಿತ್ತು. ಉಪ್ಪಿನ ಜೊತೆ ಬಂದದ್ದಕ್ಕೆ ರುಚಿಯಿಲ್ಲ, ಅದು ಹೋಯಿತೋ ಇಲ್ಲವೋ ನಾಲಿಗೆ ಹೇಳಲಾರದು ಎಂದು ಅವನಿಗೆ ಗೊತ್ತಿತ್ತು.

ಎಂಟು ವರ್ಷಗಳ ಮೇಲೆ, ಅರವತ್ತಾರರ ಮಳೆಗಾಲದ ಒಂದು ಸೋಮವಾರ ಚೌಡಮ್ಮ ತನ್ನ ಅಂಗಳದಿಂದಲೇ ಕೂಗಿದಳು:

"ಎಂತಾ, ಚಪ್ಪಡಿ ತೆಗೀಬಹುದಾ? ಮೊಮ್ಮಗಳು ದಿಬ್ಬ ಹತ್ತಿ ಹತ್ತಿ ಸೋತ್ಲು."

ಹೊನ್ನ ತಂಬಿಗೆಯ ನೀರನ್ನು ಬೆಳಕಿಗೆ ಹಿಡಿದು ನೋಡಿದ. ತಿಳಿಯಾಗಿತ್ತು, ತಣ್ಣಗಿತ್ತು. ಅವನು ಅದನ್ನು ಗದ್ದೆಗೆ ಚೆಲ್ಲಿದ.

"ಇನ್ನೂ ಇಲ್ಲ," ಎಂದ. "ಬರೂ ಸೋಮವಾರ ನೋಡ್ತೆ."